ಕಂಟ್ರೋಲರ್ ಟೆಸ್ಟ್ ಕಲಿತದ್ದು ‘ಇಲ್ಲ’ ಅನ್ನುವ ಕಡೆಯಿಂದ

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ಗೆ ನಾವು ವೆಬ್ ಆ್ಯಪ್ ಮಾಡಿಕೊಟ್ಟಿದ್ದೇವೆ. ತಿಕೋಟಾ, ಬಬಲೇಶ್ವರ ಕಡೆಯ ರೈತರು ಒಣದ್ರಾಕ್ಷಿ ಬಾಕ್ಸ್ ತಂದು ಇಡುತ್ತಾರೆ, ರೇಟು ಬಂದಾಗ ಒಯ್ಯುತ್ತಾರೆ. ಆ ಲೆಕ್ಕ ಅವರಿಗೆ ಮೊಬೈಲ್‌ನಲ್ಲೇ ಕಾಣುತ್ತದೆ. ಆ್ಯಪ್ ಇರುವುದು ರೈಲ್ಸ್‌ನಲ್ಲಿ, ಅಂದರೆ ರೂಬಿ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟಿನಲ್ಲಿ. ಕಂಟ್ರೋಲರ್‌ಗಳಿಗೆ ಟೆಸ್ಟ್, ಅಂದರೆ ಕೋಡ್ ಸರಿಯಿದೆಯಾ ಅಂತ ನೋಡುವ ಕೋಡ್, ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಟೆಸ್ಟ್ ಅಂತ ಬರೆದದ್ದು ಅದೇ ಮೊದಲು.

ಕಂಟ್ರೋಲರ್ ಮಾಡುವುದಿಷ್ಟೇ: ಕೇಳಿದವರು ಯಾರು, ಅವರಿಗೆ ಹಕ್ಕಿದೆಯಾ ಅಂತ ನೋಡುತ್ತದೆ, ಮಾಡೆಲ್‌ಗೆ (ಡೇಟಾ, ಲೆಕ್ಕ ನೋಡಿಕೊಳ್ಳುವ ಭಾಗಕ್ಕೆ) ಕೆಲಸ ಹೇಳುತ್ತದೆ, ಆಮೇಲೆ ಪುಟ ಕೊಡುತ್ತದೆ ಇಲ್ಲವೇ ಬೇರೆ ಪುಟಕ್ಕೆ ಕಳಿಸುತ್ತದೆ. ಹಾಗಾಗಿ ಟೆಸ್ಟ್‌ನಲ್ಲಿ ನಾನು ನೋಡುವುದು ಸ್ಟೇಟಸ್ ಕೋಡ್ (ಉತ್ತರದ ಜೊತೆ ಬರುವ ನಂಬರ್), ಎಲ್ಲಿಗೆ ಕಳಿಸಿತು, ಡೇಟಾಬೇಸ್‌ನಲ್ಲಿ ಏನು ಬದಲಾಯಿತು, ಇವನ್ನೇ. ಒಳಗಿನ ವೇರಿಯಬಲ್‌ಗಳನ್ನು ಕೆದಕುವುದಿಲ್ಲ. ಹಳೆಯ ಪಾಠಗಳಲ್ಲಿ ‘ಅಸೈನ್ಸ್’ ಬಳಸಿ ಅದನ್ನೂ ನೋಡು ಅಂತಾರೆ. 2016ರಲ್ಲಿ ಬಂದ ರೈಲ್ಸ್ 5 ಅದನ್ನು ತೆಗೆದು ಬೇರೆ ಜೆಮ್‌ಗೆ (ಬೇಕಾದರೆ ಸೇರಿಸಿಕೊಳ್ಳುವ ರೂಬಿ ಲೈಬ್ರರಿಗೆ) ಹಾಕಿದೆ. ಈಗ ಕಲಿಯುವವರು ಅದನ್ನು ಬಿಟ್ಟುಬಿಡಿ.

ಎಲ್ಲರೂ ಶುರು ಮಾಡುವುದು ‘ಪುಟ ತೆರೆಯಿತು, 200 ಬಂತು’ ಅನ್ನುವ ಟೆಸ್ಟ್‌ನಿಂದ. ಅಂಥದ್ದೊಂದು ಬರೆದು ನಾನು ಮುಂದೆ ಹೋದೆ. ಪುಟ ತೆರೆಯದಿದ್ದರೆ ಸ್ಟೋರೇಜ್‌ನ ಗುಮಾಸ್ತರು ತಕ್ಷಣ ಫೋನ್ ಮಾಡುತ್ತಾರೆ. ಆದರೆ ತೆರೆಯಬಾರದ ಪುಟ ತೆರೆದರೆ? ಯಾರೂ ಫೋನ್ ಮಾಡುವುದಿಲ್ಲ. ವಿಳಾಸದ ಕೊನೆಯ ನಂಬರ್ ಬದಲಿಸಿ ಪಕ್ಕದವರ ರಸೀದಿ ನೋಡಲು ಬಂದರೆ ಅದು ಸಣ್ಣ ವಿಷಯ ಅಲ್ಲ. ಯಾರ ಹತ್ತಿರ ಎಷ್ಟು ಮಾಲು ಉಳಿದಿದೆ ಅಂತ ವ್ಯಾಪಾರಿಗೆ ತಿಳಿದರೆ ಆ ರೈತನ ರೇಟು ಇಳಿಯುತ್ತದೆ, ಅಲ್ವಾ?

ಅದಕ್ಕೆ ಟೆಸ್ಟ್‌ಗಾಗಿ ಮಾದರಿ ಡೇಟಾ ಇಡುವ ಫಿಕ್ಸ್‌ಚರ್ ಫೈಲ್‌ನಲ್ಲಿ ಇಬ್ಬರು ರೈತರನ್ನು ಇಟ್ಟೆ, ಬಸಪ್ಪ ಮತ್ತು ಶಾಂತವ್ವ. ಒಬ್ಬರೇ ಇದ್ದರೆ ಈ ಟೆಸ್ಟ್ ಬರೆಯಲು ಬರುವುದಿಲ್ಲ. ಟೆಸ್ಟ್ ಮೊದಲು ಬಸಪ್ಪನ ಹೆಸರಲ್ಲಿ ಲಾಗಿನ್ ಆಗುತ್ತದೆ. ಇಲ್ಲಿ ಸೆಷನ್‌ಗೆ (ಲಾಗಿನ್ ಆದವರು ಯಾರು ಅಂತ ನೆನಪಿಡುವ ಜಾಗಕ್ಕೆ) ನೇರವಾಗಿ ಕೈ ಹಾಕಲು ಆಗದು, ನಿಜವಾದ ಲಾಗಿನ್ ವಿಳಾಸಕ್ಕೇ ‘ಪೋಸ್ಟ್’ ಮಾಡಬೇಕು, ಅಂದರೆ ಫಾರ್ಮ್ ತುಂಬಿ ಕಳಿಸಿದ ಹಾಗೆ ಕಳಿಸಬೇಕು. ಅದನ್ನೊಂದು ಸಣ್ಣ ಹೆಲ್ಪರ್ ಮಾಡಿಟ್ಟುಕೊಂಡರೆ ಸಾಕು. ಆಮೇಲೆ ಶಾಂತವ್ವನ ರಸೀದಿಗೆ ‘ಗೆಟ್’, ಅಂದರೆ ಆ ಪುಟ ಕೇಳುವುದು. ಬರಬೇಕಾದ ಉತ್ತರ 404, ‘ಅಂಥದ್ದು ಇಲ್ಲ’ ಅಂತ. 403 ಕೊಟ್ಟರೆ ‘ರಸೀದಿ ಇದೆ, ನಿನಗೆ ತೋರಿಸಲ್ಲ’ ಅಂದ ಹಾಗೆ. ಇದೆ ಅನ್ನುವುದೂ ಗೊತ್ತಾಗಬಾರದು.

ಇಲ್ಲೊಂದು ವಿಷಯ ಹೇಳಲೇಬೇಕು. ರೈಲ್ಸ್ 7.1ಕ್ಕಿಂತ ಮೊದಲು ಟೆಸ್ಟ್‌ನಲ್ಲಿ 404 ಬರುತ್ತಿರಲಿಲ್ಲ, ‘ರೆಕಾರ್ಡ್ ನಾಟ್ ಫೌಂಡ್’ ಎಕ್ಸೆಪ್ಶನ್ (ಕೋಡ್ ಎಸೆಯುವ ದೋಷ) ನೇರವಾಗಿ ಟೆಸ್ಟ್‌ಗೇ ಬಂದು ಬೀಳುತ್ತಿತ್ತು. 2023ರಲ್ಲಿ ಬಂದ 7.1ರಿಂದ ಹೊಸ ಆ್ಯಪ್‌ನ ಸೆಟ್ಟಿಂಗ್ ಬದಲಾಗಿದೆ, ಬಳಕೆದಾರನಿಗೆ ಕಾಣುವ ಉತ್ತರವೇ ಟೆಸ್ಟ್‌ಗೂ ಸಿಗುತ್ತದೆ. ನಿಮ್ಮದು ಹಳೆಯ ಆ್ಯಪ್ ಆಗಿದ್ದರೆ ಟೆಸ್ಟ್‌ನ ಎನ್ವಿರಾನ್‌ಮೆಂಟ್ ಫೈಲ್ ತೆರೆದು ನೋಡಿ.

ಎರಡನೇ ‘ಇಲ್ಲ’ ಬಂದದ್ದು ಸ್ಟೋರೇಜ್ ಮಾಲೀಕರಿಂದ. ಏನೇನು ಆಗಬಾರದು ಹೇಳಿ ಸಾಹೇಬ್ರ ಅಂದೆ. “ಇಲ್ಲದ ಮಾಲು ಹೊರಗ ಹೋಗಬಾರದ ನೋಡ್ರೀ” ಅಂದರು. ಅದನ್ನೇ ಟೆಸ್ಟ್‌ನ ಹೆಸರಾಗಿ ಇಟ್ಟೆ. ಟೆಸ್ಟ್ ಹೆಸರು ಕನ್ನಡದಲ್ಲಿ ಬರೆದರೂ ರೂಬಿ ತಕರಾರು ಮಾಡುವುದಿಲ್ಲ. ಟೆಸ್ಟ್ ಬಿದ್ದರೆ ಟರ್ಮಿನಲ್‌ನಲ್ಲಿ ಅದೇ ಸಾಲು ಕಾಣುತ್ತದೆ.

ಬಸಪ್ಪನ ಲೆಕ್ಕದಲ್ಲಿ 40 ಬಾಕ್ಸ್ ಇವೆ, 50 ಕೇಳುತ್ತಾನೆ. ಉತ್ತರ 422 ಬರಬೇಕು, ‘ಕೇಳಿದ್ದು ಮಾಡಲು ಬರುವುದಿಲ್ಲ’ ಅಂತ. ಹೊಸ ಗೇಟ್‌ಪಾಸ್ ಹುಟ್ಟಬಾರದು, ಅದಕ್ಕೆ ‘ಅಸರ್ಟ್ ನೋ ಡಿಫರೆನ್ಸ್’. ಉಳಿಕೆ 40 ಆಗಿಯೇ ಇರಬೇಕು. ಉಳಿಕೆ ನೋಡುವ ಮೊದಲು ‘ರೀಲೋಡ್’ ಮಾಡಿ. ಟೆಸ್ಟ್‌ನ ಕೈಯಲ್ಲಿರುವುದು ರಿಕ್ವೆಸ್ಟ್‌ಗೆ ಮುಂಚೆ ಓದಿದ ಪ್ರತಿ. ರೀಲೋಡ್ ಇಲ್ಲದಿದ್ದರೆ ಡೇಟಾಬೇಸ್‌ನಲ್ಲಿ ಲೆಕ್ಕ ಕೆಟ್ಟಿದ್ದರೂ ಅದು 40 ಅಂತಲೇ ಹೇಳುತ್ತದೆ, ಟೆಸ್ಟ್ ಸುಮ್ನೆ ಹಸಿರಾಗುತ್ತದೆ, ಅಂದರೆ ಪಾಸಾಗುತ್ತದೆ.

ಹಸಿರು ಬಂದ ಕೂಡಲೇ ನಾನು ನಂಬುವುದಿಲ್ಲ. ಬೇಕಂತಲೇ ಕೋಡ್ ಕೆಡಿಸಿ ನೋಡುತ್ತೇನೆ. ರಸೀದಿಯನ್ನು ಲಾಗಿನ್ ಆದವನ ರಸೀದಿಗಳಲ್ಲಿ ಹುಡುಕುವ ಬದಲು ಎಲ್ಲ ರಸೀದಿಗಳಲ್ಲಿ ಹುಡುಕುವಂತೆ ಬದಲಿಸಿದೆ. 404 ಬರಬೇಕಾದ ಕಡೆ 200 ಬಂದು ಟೆಸ್ಟ್ ಕೆಂಪಾಯಿತು. ಕೋಡ್ ಮೊದಲಿನಂತೆ ಮಾಡಿ ಕಮಿಟ್ ಮಾಡಿದೆ.

ಪುಟದ ಬಣ್ಣ, ಬಟನ್ ಮೇಲಿನ ಅಕ್ಷರ ಇವನ್ನು ಈ ಟೆಸ್ಟ್‌ಗಳಲ್ಲಿ ನೋಡುವುದಿಲ್ಲ. ಅವು ಆಗಾಗ ಬದಲಾಗುತ್ತವೆ, ಪ್ರತಿ ಸಲ ಟೆಸ್ಟ್ ತಿದ್ದುತ್ತಾ ಕೂರಬೇಕಾಗುತ್ತದೆ. ಬಾಡಿಗೆ ಲೆಕ್ಕದ ಕೂಡು-ಕಳೆ ಮಾಡೆಲ್ ಟೆಸ್ಟ್‌ಗೆ ಸೇರಿದ್ದು. ಈಗ ರಸೀದಿಯ ಪಿಡಿಎಫ್ ಡೌನ್‌ಲೋಡ್‌ಗೆ ಬರೆಯುತ್ತಿದ್ದೇನೆ. ಅದರ ವಿಳಾಸವೇ ಬೇರೆ, ಆ್ಯಕ್ಷನ್ನೂ ಬೇರೆ. ಪುಟಕ್ಕೆ ಹಾಕಿದ ತಡೆ ಅದಕ್ಕೆ ತಾನಾಗಿ ಬರುವುದಿಲ್ಲ. ಅಲ್ಲೂ ಬಸಪ್ಪ ಶಾಂತವ್ವನ ರಸೀದಿಯನ್ನು ಕೇಳಬೇಕು.