ಕೇಪಿನ ಜೋಡುನಳಿಗೆಗೆ ಈಡು ತುಂಬುವುದು: ನನ್ನ ಅನುಭವ

ನಳಿಗೆಯ ಬಾಯಿಯಿಂದ ತುಂಬಿ, ಬುಡದಲ್ಲಿ ಕೇಪು (ಸಿಡಿದು ಕಿಡಿ ಹಾರಿಸುವ ಪುಟ್ಟ ಲೋಹದ ಟೋಪಿ) ಇಟ್ಟು ಹೊಡೆಯುವ ಎರಡು ನಳಿಗೆಯ ಕೋವಿ ನನ್ನದು. ಒಂದು ಹೊಡೆತಕ್ಕೆ ತುಂಬುವುದೆಲ್ಲ ಸೇರಿ ಒಂದು ಈಡು. ಹಾರಿಸಿಬಿಡುವ ಕ್ಲೇ ಬಿಲ್ಲೆಗೆ (ಗುರಿ ಅಭ್ಯಾಸದ ಬಿಲ್ಲೆ) 12 ಬೋರಿನ ಈ ಕೋವಿಯಲ್ಲಿ ನಾನು ಹಾಕುವುದು 70 ಗ್ರೇನ್ ಅಳತೆಯ ಎರಡು ಎಫ್ (ಮಧ್ಯಮ ಕಾಳಿನ) ಕರಿಮಸಿ ಅಂದರೆ ಕಪ್ಪು ಮದ್ದು, ಅದೇ ಅಳತೆಗೊಳವೆ ತುಂಬ 2.4 ಮಿ.ಮೀ. ಸೀಸದ ಚರೆ (ಸಣ್ಣ ಗುಂಡುಗಳು). ತೂಗಿದರೆ ಮಸಿ ಸುಮಾರು 4.5 ಗ್ರಾಂ, ಚರೆ 30 ಗ್ರಾಂ ಆಸುಪಾಸು. ಮಸಿ ಹೆಚ್ಚಿದರೆ ಹೊಡೆತ ಹೆಚ್ಚುತ್ತದೆ ಅನ್ನುವುದು ಭ್ರಮೆ. ಭುಜ ನೋಯುತ್ತದೆ, ಚರೆ ಚೆದುರಿ ನಡುವೆ ಬಿಲ್ಲೆ ನುಸುಳುವಷ್ಟು ಜಾಗ ಖಾಲಿ ಬೀಳುತ್ತದೆ. 25 ಮೀಟರಿನಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದರೆ ಕಣ್ಣಿಗೇ ಕಾಣುತ್ತದೆ. ಈಗಿನ ತೋಟೆಯೊಳಗಿನ (ಕಾರ್ಟ್ರಿಜ್) ಹೊಗೆಯಿಲ್ಲದ ಮಸಿಯನ್ನು ಮಾತ್ರ ಚಿಟಿಕೆಯಷ್ಟೂ ಬೆರೆಸಕೂಡದು, ನಳಿಗೆ ಸೀಳಿಹೋಗುತ್ತದೆ.

ಮೊದಲು ನಳಿಗೆಯ ಎಣ್ಣೆ ಒರೆಸಿ, ಖಾಲಿ ಕೋವಿಗೆ ಕೇಪು ಇಟ್ಟು ನಳಿಗೆಯ ಬಾಯಿಯನ್ನು ಹುಲ್ಲಿನ ಎಸಳಿಗೆ ಹಿಡಿದು ಹೊಡೆಯುತ್ತೇನೆ. ಎಸಳು ಅಲುಗಿದರೆ ಕೋವಿಯ ಕಿವಿಯ (ಕೇಪು ಕೂರುವ ಮೊಳೆಯ) ತೂತು ತೆರೆದಿದೆ ಎಂದರ್ಥ. ಅಲುಗದಿದ್ದರೆ ಅಲ್ಲಿ ಎಣ್ಣೆ ಕಟ್ಟಿಕೊಂಡಿರುತ್ತದೆ.

ಮಸಿ, ಅದರ ಮೇಲೆ 3 ಮಿ.ಮೀ. ಗಟ್ಟಿ ರಟ್ಟು, ಜೇನುಮೇಣ-ಎಣ್ಣೆ ಹೀರಿದ 6 ಮಿ.ಮೀ. ನಾರಿನ ಬಿಲ್ಲೆ, ಚರೆ, ಕೊನೆಗೆ ತೆಳು ರಟ್ಟು. ರಟ್ಟಿನ ಅಂಚಿಗೆ ಸೂಜಿತೂತು ಹಾಕಿದರೆ ಒಳಗಿನ ಗಾಳಿ ಹೊರಬರುತ್ತದೆ. ಇಲ್ಲದಿದ್ದರೆ ಕೂರಿಸಿದ ರಟ್ಟು ಮೆಲ್ಲನೆ ಮೇಲೇಳುತ್ತದೆ. ಮಸಿಡಬ್ಬಿಯಿಂದ ನೇರ ನಳಿಗೆಗೆ ಸುರಿಯುವುದಿಲ್ಲ. ಒಳಗೊಂದು ಕೆಂಡದ ಕಿಡಿ ಉಳಿದಿದ್ದರೂ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ.

ಗಜದ (ಈಡನ್ನು ಒತ್ತಿ ಕೂರಿಸುವ ಕೋಲಿನ) ಮೇಲೆ ಎರಡು ಗೆರೆ ಕೊರೆದಿದ್ದೇನೆ: ಖಾಲಿ ನಳಿಗೆಗೆ ಒಂದು, ಸರಿಯಾದ ಈಡಿಗೆ ಇನ್ನೊಂದು. ನನ್ನ ಈಡಿಗೆ ಎರಡರ ಅಂತರ ಸುಮಾರು ನಾಲ್ಕೂವರೆ ಸೆಂ.ಮೀ. ಜೋಡುನಳಿಗೆಯಲ್ಲಿ ಮಾತಾಡುತ್ತಾ ತುಂಬಿದರೆ ಒಂದಕ್ಕೇ ಎರಡು ಈಡು ಬೀಳುವುದು ಸುಲಭ. ಗೆರೆ ನೋಡದೆ ಕೇಪು ಇಡುವುದಿಲ್ಲ.

ಹೆಚ್ಚಿನವರು ಎಡವುವುದು ಬಲ ನಳಿಗೆ ಹೊಡೆದ ಮೇಲೆ. ಎಡದಲ್ಲಿ ಈಡು ಇದೆ, ಕೇಪೂ ಇದೆ, ಆದರೂ ಬಾಯಿಯ ಮೇಲೆ ಬಗ್ಗಿ ಬಲಕ್ಕೆ ತುಂಬತೊಡಗುತ್ತಾರೆ! ಮೊದಲು ಎಡದ ಕೇಪು ತೆಗೆಯಬೇಕು. ಒಂದು ನಿಮಿಷ ಬಿಟ್ಟು ಬಲಕ್ಕೆ ತುಂಬಿ, ಗಜವನ್ನು ಎಡಕ್ಕೂ ಇಳಿಸಿ ಒತ್ತಬೇಕು. ಬಲದ ಒದೆತಕ್ಕೆ ಎಡದ ಚರೆ, ರಟ್ಟು ಮುಂದೆ ಸರಿದಿರುತ್ತವೆ. ಆ ಸಂದು ಉಳಿದರೆ ನಳಿಗೆ ಉಬ್ಬುತ್ತದೆ. ಕೇಪು ಸಿಡಿದೂ ಈಡು ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಇಟ್ಟು ಎರಡು ನಿಮಿಷ ಕಾಯುತ್ತೇನೆ.

ಸಂಜೆಯೇ ತೊಳೆಯಬೇಕು. ಮಸಿಯ ಕಿಟ್ಟ ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ನಳಿಗೆ ಬಿಚ್ಚಿ, ಬುಡವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಗಜಕ್ಕೆ ಬಟ್ಟೆ ಸುತ್ತಿ ಪಂಪಿನಂತೆ ಮೇಲೆ ಕೆಳಗೆ ಆಡಿಸಿದರೆ ಕಿವಿಯ ತೂತಿನಿಂದ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ನೀರು ಚಿಮ್ಮುತ್ತದೆ. ತಿಳಿನೀರು ಬರುವವರೆಗೆ ಬಿಡಬಾರದು. ಒಣಗಿಸಿ ಎಣ್ಣೆ ಹಚ್ಚಿ ಇಟ್ಟರೂ ಮರುದಿನ ಬಿಳಿ ಬಟ್ಟೆ ಇಳಿಸಿ ನೋಡುತ್ತೇನೆ. ಕಂದು ಗೆರೆ ಬಂದರೆ ಮತ್ತೆ ಬಿಸಿನೀರೇ.