ಹನ್ನೆರಡು ಸೆನ್ಸರ್, ಒಂದೇ ಚಾನೆಲ್: ಪಾಳಿ ಹಚ್ಚುವ ಬಗೆ

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರಿನ ಸಣ್ಣ ಘಟಕಗಳಲ್ಲಿ ಯಂತ್ರಗಳಿಗೆ ವೈರ್‌ಲೆಸ್ ಸೆನ್ಸರ್ ಕೂಡಿಸುವವರೂ, ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವವರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಮೇಜಿನ ಮೇಲೆ ಎರಡು ಸೆನ್ಸರ್ ಚೆನ್ನಾಗಿ ನಡೆದವು ಅಂತ ಹನ್ನೆರಡನ್ನು ಶೆಡ್ಡಿಗೆ ಹಾಕುತ್ತಾರೆ. ಪ್ರತಿಯೊಂದೂ ತನಗೆ ತೋಚಿದಾಗ ಕಳಿಸುತ್ತದೆ, ಸಂದೇಶಗಳು ಡಿಕ್ಕಿ ಹೊಡೆಯುತ್ತವೆ. ಆಗ ದೊಡ್ಡ ಆಂಟೆನಾ ಕೊಂಡು ತರುತ್ತಾರೆ. ಆಂಟೆನಾ ಡಿಕ್ಕಿಯನ್ನು ತಪ್ಪಿಸುವುದಿಲ್ಲ. ಹವಾಯಿ ವಿಶ್ವವಿದ್ಯಾಲಯದ ಅಲೋಹಾ ರೇಡಿಯೊ ಜಾಲದ ಕಾಲದಿಂದ, ಅಂದರೆ 1970ರ ದಶಕದಿಂದ, ಈ ಲೆಕ್ಕ ಗೊತ್ತಿದೆ: ಮನಬಂದಂತೆ ಕಳಿಸಿದರೆ ಚಾನೆಲ್‌ನ ಶೇ 18ರಷ್ಟು ಸಮಯ ಮಾತ್ರ ಉಪಯೋಗಕ್ಕೆ ಬರುತ್ತದೆ, ಅದೂ ಹೆಚ್ಚೆಂದರೆ. ಯಾರು ಯಾವಾಗ ಎಂದು ಮೊದಲೇ ಗೊತ್ತುಮಾಡಿದರೆ ನಮ್ಮ ಸೆನ್ಸರ್‌ಗಳ ನಡುವೆ ಡಿಕ್ಕಿಯೇ ಇರುವುದಿಲ್ಲ.

ಇಲ್ಲಿನ ಲೆಕ್ಕವೆಲ್ಲ 2.4 ಗಿಗಾಹರ್ಟ್ಸ್‌ನ 802.15.4 ಎಂಬ ಕಡಿಮೆ ವೇಗದ ವೈರ್‌ಲೆಸ್ ಮಾನದಂಡದ ರೇಡಿಯೊಗೆ. ವೇಗ ಸೆಕೆಂಡಿಗೆ 250 ಕಿಲೋಬಿಟ್, ಅಂದರೆ ಬೈಟಿಗೆ 32 ಮೈಕ್ರೊಸೆಕೆಂಡ್.

ಹಂತ 1: ಅವಸರದವರನ್ನು ಬೇರೆ ಮಾಡಿ. ಪ್ರೆಸ್‌ನ ಓವರ್‌ಲೋಡ್, ಲೇತ್‌ನ ಕಂಪನ ತಕ್ಷಣ ತಿಳಿಯಬೇಕು. ಮೋಟಾರಿನ ಬಿಸಿ ಸೆಕೆಂಡಿಗೊಮ್ಮೆ ತಿಳಿದರೆ ಸಾಕು. ಹನ್ನೆರಡರಲ್ಲಿ ಮೂರು ಅವಸರದವು, ಒಂಬತ್ತು ನಿಧಾನದವು ಎಂದು ಹಿಡಿಯೋಣ. ಒಂದು ಮಾತು: ತುರ್ತು ನಿಲುಗಡೆಯ ಗುಂಡಿಗೆ ತಂತಿಯನ್ನೇ ಎಳೆಯಿರಿ. ಕಾರ್ಮಿಕರ ಕೈ ಉಳಿಸುವ ಕೆಲಸವನ್ನು ಇಂಥ ಮನೆಯಲ್ಲೇ ಹೆಣೆದ ರೇಡಿಯೊ ಜಾಲಕ್ಕೆ ಒಪ್ಪಿಸಬೇಡಿ.

ಹಂತ 2: ವೈಫೈ 1, 6, 11ನೇ ಚಾನೆಲ್‌ಗಳಲ್ಲಿದ್ದರೆ, ಅದು ಅಡ್ಡ ಬರದಂತೆ ನೀವು 802.15.4ರ 15, 20, 25 ಅಥವಾ 26ನೇ ಚಾನೆಲ್ ಹಿಡಿಯಿರಿ.

ಹಂತ 3: ಸ್ಲಾಟ್‌ನ, ಅಂದರೆ ಒಬ್ಬರು ಕಳಿಸುವ ಒಂದು ಪಾಳಿಯ, ಅಳತೆ. ಸಂದೇಶವನ್ನು 20 ಬೈಟ್‌ಗೆ ಇಳಿಸಿ. ದಿನಾಂಕ, ಯಂತ್ರದ ಹೆಸರು ಎಲ್ಲ ತುರುಕಬೇಡಿ, ಅವನ್ನು ಎಲ್ಲರ ಸಂದೇಶ ಪಡೆಯುವ ಕೇಂದ್ರ ಸಾಧನ, ಅಂದರೆ ಗೇಟ್‌ವೇ, ಸೇರಿಸಿಕೊಳ್ಳುತ್ತದೆ. ರೇಡಿಯೊ ತಾನೇ ಹಚ್ಚುವ 6 ಬೈಟ್ ಕೂಡಿ 832 ಮೈಕ್ರೊಸೆಕೆಂಡ್ ಆಯಿತು. ಕಳಿಸುವುದರಿಂದ ಕೇಳುವುದಕ್ಕೆ ತಿರುಗಲು 192, ‘ಮುಟ್ಟಿತು’ ಎನ್ನುವ ಸ್ವೀಕೃತಿಗೆ 352. ಮೊತ್ತ 1,376. ಮರುಯತ್ನಕ್ಕೆ ಗೇಟ್‌ವೇ ಹೆಸರು ಹಿಡಿದು ಕರೆಯುವ ಕೂಗಿಗೆ (ಹಂತ 4ರಲ್ಲಿ ಹೇಳುತ್ತೇನೆ) ಇನ್ನೊಂದು 640 ಬೇಕು, ಒಟ್ಟು 2,016. ಸ್ಲಾಟ್ 2.5 ಮಿಲಿಸೆಕೆಂಡ್ ಇಡಿ. 484 ಮೈಕ್ರೊಸೆಕೆಂಡ್ ಬಿಡುವು ಸಿಗುತ್ತದೆ.

ಹಂತ 4: ಪಾಳಿ. ಹೆಚ್ಚಿನವರು ಎಲ್ಲರಿಗೂ ಸಮಪಾಲು ಹಂಚುತ್ತಾರೆ: ಒಂದು ಬೀಕನ್ (ಎಲ್ಲರ ಗಡಿಯಾರ ಹೊಂದಿಸಲು ಗೇಟ್‌ವೇ ಕಳಿಸುವ ಸಂಕೇತ), ಹನ್ನೆರಡು ಸೆನ್ಸರ್, 32.5 ಮಿಲಿಸೆಕೆಂಡಿನ ಸುತ್ತು. ನೋಡಲು ನ್ಯಾಯವಾಗಿ ಕಾಣುತ್ತದೆ. ಆದರೆ ಅವಸರದ ಸಂದೇಶ ಒಮ್ಮೆ ಹಾಳಾದರೆ ಮುಂದಿನ ಸುತ್ತಿನವರೆಗೆ ಕಾಯಬೇಕು, ಕಾಯುವಿಕೆ 65 ಮಿಲಿಸೆಕೆಂಡ್ ದಾಟುತ್ತದೆ. ಅದರ ಬದಲು 20 ಮಿಲಿಸೆಕೆಂಡಿನ ಸುತ್ತು, ಎಂಟು ಸ್ಲಾಟ್ ಮಾಡಿ. ಮೊದಲನೆಯದು ಬೀಕನ್. ಮುಂದಿನ ಮೂರು ಅವಸರದವಕ್ಕೆ, ಪ್ರತಿ ಸುತ್ತಿಗೂ. ಐದು ಮತ್ತು ಆರು ಮರುಯತ್ನಕ್ಕೆ. ಏಳನೆಯದನ್ನು ಒಂಬತ್ತು ನಿಧಾನದ ಸೆನ್ಸರ್‌ಗಳು ಸುತ್ತಿಗೊಂದರಂತೆ ಬಳಸಲಿ. ತಲಾ 180 ಮಿಲಿಸೆಕೆಂಡಿಗೊಮ್ಮೆ ಪಾಳಿ ಬರುತ್ತದೆ, ಬೇಕಾದಷ್ಟಾಯಿತು. ಎಂಟನೆಯದು ಹೊಸದಾಗಿ ಸೇರುವವರಿಗೆ.

ಮರುಯತ್ನದ ಸ್ಲಾಟನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟರೆ ಮತ್ತೆ ಡಿಕ್ಕಿ. ಅದನ್ನು ಗೇಟ್‌ವೇ ಹೆಸರು ಕೂಗಿ ಕೊಡಬೇಕು. ಅದಕ್ಕೆ ಒಂದು ಷರತ್ತು: ಅವಸರದ ಸೆನ್ಸರ್ ಹೇಳಲು ಏನೂ ಇಲ್ಲದಿದ್ದರೂ ತನ್ನ ಸ್ಲಾಟಿನಲ್ಲಿ ‘ಇದ್ದೇನೆ’ ಎಂದು ಕಳಿಸಲೇಬೇಕು. ಆಗ ಯಾರದು ಬರಲಿಲ್ಲ ಎಂಬುದು ಗೇಟ್‌ವೇಗೆ ಆ ಸ್ಲಾಟ್ ಮುಗಿದ ಕೂಡಲೇ ಗೊತ್ತು. ಮೊದಲು ತಪ್ಪಿದವರನ್ನು ಮೊದಲು ಕೂಗುತ್ತದೆ. ಒಂದೇ ಸುತ್ತಿನಲ್ಲಿ ಎರಡು ಸಂದೇಶ ಹಾಳಾದರೂ, ಎರಡನೇ ಯತ್ನ ಫಲಿಸಿದರೆ, 30 ಮಿಲಿಸೆಕೆಂಡಿನೊಳಗೆ ಸುದ್ದಿ ಮುಟ್ಟುತ್ತದೆ. ಹೀಗೆ ಪ್ರತಿ ಸುತ್ತಿಗೂ ಕಳಿಸುವ ಅವಸರದ ಸೆನ್ಸರ್‌ಗಳಿಗೆ ಬ್ಯಾಟರಿ ಬೇಡ, ಯಂತ್ರದ ಕರೆಂಟಿನಿಂದಲೇ ಕೊಡಿ.

5ಜಿ ಕೂಡ ಇದೇ ದಾರಿ ಹಿಡಿದಿದೆ. ಸಾಮಾನ್ಯವಾಗಿ ಫೋನು ಮೊದಲು ಅನುಮತಿ ಕೇಳಿ, ಟವರ್ ಸಮಯ ಕೊಟ್ಟ ಮೇಲೆ ಕಳಿಸುತ್ತದೆ. ಈ ಕೇಳುವ-ಕೊಡುವ ಓಡಾಟವೇ ವಿಳಂಬ. ಹಾಗಾಗಿ ಅವಸರದ ಸಾಧನಗಳಿಗೆ ಮೊದಲೇ ಜಾಗ ಕಾಯ್ದಿಡುವ ‘ಕಾನ್ಫಿಗರ್ಡ್ ಗ್ರಾಂಟ್’ ಅನ್ನು ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ತನ್ನ 15ನೇ ಬಿಡುಗಡೆಯಲ್ಲೇ ಸೇರಿಸಿತು.

ಹಂತ 5: ಗಡಿಯಾರ. ಕೆಲಸ ಕೆಡುವುದೆಲ್ಲ ಇಲ್ಲೇ. ಪಾಳಿ ತಪ್ಪಿದರೆ ಎಲ್ಲರೂ ಗಡಿಯಾರ ನಡೆಸುವ ಕ್ರಿಸ್ಟಲ್‌ ಅನ್ನು ಬೈಯುತ್ತಾರೆ. ಲೆಕ್ಕ ಹಾಕಿ ನೋಡಿ: 32.768 ಕಿಲೋಹರ್ಟ್ಸ್‌ನ ಸಾಮಾನ್ಯ ಕ್ರಿಸ್ಟಲ್ 25 ಡಿಗ್ರಿಯಲ್ಲಿ ಸರಿಯಾಗಿರುತ್ತದೆ, ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಕಾದ ಡಬ್ಬಿಯೊಳಗೆ 60 ಡಿಗ್ರಿ ಮುಟ್ಟಿದರೆ ಹತ್ತು ಲಕ್ಷಕ್ಕೆ ಸುಮಾರು 42 ಭಾಗ ನಿಧಾನವಾಗುತ್ತದೆ. 20 ಮಿಲಿಸೆಕೆಂಡಿಗೊಮ್ಮೆ ಬೀಕನ್ ಕೇಳಿಸುತ್ತಿದ್ದರೆ ಆ ನಡುವೆ ತಪ್ಪುವುದು ಒಂದು ಮೈಕ್ರೊಸೆಕೆಂಡಿಗಿಂತ ಕಡಿಮೆ. ಅದೇ 10 ಸೆಕೆಂಡ್ ಬೀಕನ್ ಕೇಳಿಸದಿದ್ದರೆ 420 ಆಗುತ್ತದೆ. ನಮ್ಮ ಬಿಡುವು ಸ್ಲಾಟಿನ ಆಚೆ-ಈಚೆ 242 ಮಾತ್ರ. ಆದ್ದರಿಂದ 2 ಸೆಕೆಂಡ್ ಬೀಕನ್ ಕೇಳಿಸದ ಸೆನ್ಸರ್ ಕಳಿಸುವುದನ್ನು ನಿಲ್ಲಿಸಿ ಬರೀ ಆಲಿಸಬೇಕು. ಈ ನಿಯಮವನ್ನು ಬಿಟ್ಟರೆ, ದಾರಿ ತಪ್ಪಿದ ಒಂದು ಸೆನ್ಸರ್ ಉಳಿದ ಹನ್ನೊಂದರ ಪಾಳಿಯನ್ನೂ ಕೆಡಿಸುತ್ತದೆ.

ನಿಜವಾದ ಕಳ್ಳ ಎಂದರೆ ನಮ್ಮ ಸಾಫ್ಟ್‌ವೇರ್. ಬೀಕನ್ ಬಂದ ಹೊತ್ತನ್ನು ಮುಖ್ಯ ಪ್ರೋಗ್ರಾಮಿನ ಲೂಪಿನಲ್ಲಿ ಗುರುತು ಹಾಕಬೇಡಿ, ಅಲ್ಲಿ ಪ್ರತಿ ಸಲ ಬೇರೆ ಬೇರೆ ತಡವಾಗುತ್ತದೆ. ಫ್ರೇಮ್ (ಗಾಳಿಯಲ್ಲಿ ಬರುವ ಸಂದೇಶ) ಶುರುವಾದದ್ದನ್ನು ರೇಡಿಯೊ ಚಿಪ್ ತಾನೇ ತಿಳಿಸುತ್ತದೆ. ಆ ಸೂಚನೆ ಬಂದ ಕೂಡಲೇ ಓಡುವ ಇಂಟರಪ್ಟಿನಲ್ಲೇ ಹಾರ್ಡ್‌ವೇರ್ ಟೈಮರ್ ಓದಿ. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಮೂಲಕ ಪಾಳಿ ನಡೆಸುವ ಒಳದಾರಿಯಂತೂ ಬೇಡವೇ ಬೇಡ: ಎಷ್ಟೋ ಯುಎಸ್‌ಬಿ-ಸೀರಿಯಲ್ ಚಿಪ್‌ಗಳು ಬಂದ ಬೈಟುಗಳನ್ನು 16 ಮಿಲಿಸೆಕೆಂಡ್‌ವರೆಗೆ ಹಿಡಿದಿಟ್ಟುಕೊಳ್ಳುತ್ತವೆ, ಆರು ಸ್ಲಾಟು ಅಲ್ಲೇ ಹೋದವು. ಎಟಿ ಕಮಾಂಡ್ (ಅಕ್ಷರದಲ್ಲಿ ಬರೆದ ಆದೇಶ) ಕೊಟ್ಟು ನಡೆಸುವ ಸಿದ್ಧ ಮಾಡ್ಯೂಲ್‌ಗಳನ್ನೂ ಈ ಕೆಲಸಕ್ಕೆ ಕೊಳ್ಳಬೇಡಿ. ಸಂದೇಶ ಗಾಳಿಗೆ ಬಿದ್ದದ್ದು ಯಾವ ಗಳಿಗೆಯಲ್ಲಿ ಎಂದು ಅವು ಹೇಳುವುದೇ ಇಲ್ಲ. ರೇಡಿಯೊ ರಿಜಿಸ್ಟರ್‌ಗಳನ್ನು ನೇರ ಮುಟ್ಟಲು ಬಿಡುವ ಮಾಡ್ಯೂಲ್‌ಗೆ ಸ್ವಲ್ಪ ಹೆಚ್ಚು ದುಡ್ಡಾದರೂ ಕೊಡಿ. ಕಳಿಸುವ ಮುನ್ನ ಯಾದೃಚ್ಛಿಕವಾಗಿ ಕಾಯುವ ಅಭ್ಯಾಸ ಅದರ ಫರ್ಮ್‌ವೇರಿನಲ್ಲಿದ್ದರೆ ಅದನ್ನು ನಿಲ್ಲಿಸಿಬಿಡಿ.

ಹಂತ 6: ಅಳೆಯಿರಿ. ಸುದ್ದಿ ಹುಟ್ಟಿದಾಗ ಸೆನ್ಸರ್‌ನಲ್ಲಿ, ಮುಟ್ಟಿದಾಗ ಗೇಟ್‌ವೇಯಲ್ಲಿ ಒಂದೊಂದು ಪಿನ್ ಏರಿಳಿಸಿ, ಲಾಜಿಕ್ ಅನಲೈಜರ್‌ನಲ್ಲಿ ನೋಡಿ. ಸರಾಸರಿ ಬರೆದುಕೊಳ್ಳಬೇಡಿ; ಸರಾಸರಿ 12 ಮಿಲಿಸೆಕೆಂಡ್ ಇರುವ ಜಾಲದಲ್ಲಿ ದಿನಕ್ಕೊಮ್ಮೆ 200 ಬರಬಹುದು, ಪ್ರೆಸ್‌ ಹಾಳಾಗುವುದು ಆ ಒಂದು ಸಲ. ಅತಿ ಹೆಚ್ಚು ತಡವಾದದ್ದು ಎಷ್ಟು, 30 ದಾಟಿದ್ದು ಎಷ್ಟು ಸಲ, ಇವೆರಡನ್ನೇ ಬರೆಯಿರಿ. ಭಾನುವಾರ ಖಾಲಿ ಶೆಡ್ಡಿನಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಯಂತ್ರಗಳೆಲ್ಲ ಓಡುತ್ತಿರುವಾಗ, ಎಲ್ಲರ ಫೋನು ವೈಫೈಯಲ್ಲಿರುವಾಗ, ಒಂದು ಪೂರ್ತಿ ಶಿಫ್ಟ್ ಅಳೆಯಿರಿ. ಮರುಯತ್ನದ ಎರಡೂ ಸ್ಲಾಟು ಪದೇ ಪದೇ ತುಂಬುತ್ತಿದ್ದರೆ ಪಾಳಿಯನ್ನು ಮುಟ್ಟಬೇಡಿ, ಮೊದಲು ಚಾನೆಲ್ ಬದಲಿಸಿ.