ಬೆರಳುದ್ದದ ಕಿನ್ನರಿಗೆ ಒಂದು ತೋಟ

ಮೊದಲ ಸಲ ನಾವು ಕಿನ್ನರಿ ತೋಟಕ್ಕೆ ಅಂತ ಮಣ್ಣಿನಲ್ಲಿ ಹನ್ನೊಂದು ಅಣಬೆ ಮಾಡಿದೆವು. ಎರಡು ದಿನದಲ್ಲಿ ಒಂಬತ್ತು ಸೀಳಿಹೋದವು.

ಮಗಳಿಗೆ ಆಗ ಏಳು ವರ್ಷ, ತಂಗಿಯ ಮಗನಿಗೆ ಐದು. ಬೆಳಿಗ್ಗೆ ಎದ್ದವರೇ ಇಬ್ಬರೂ ತಟ್ಟೆಯ ಹತ್ತಿರ ಓಡಿದ್ದರು. ಚಿಕ್ಕವನು ಒಂದೊಂದನ್ನೇ ಎತ್ತಿ ನೋಡಿ, "ದೊಡ್ಡಮ್ಮಾ, ಇವಕ್ಕೆಲ್ಲ ಗಾಯ ಆಗಿದೆ" ಅಂದ. ತಪ್ಪು ನನ್ನದೇ. ಅಣಬೆ ನೆಟ್ಟಗೆ ನಿಲ್ಲಲಿ ಅಂತ ಕಾಂಡದೊಳಗೆ ಟೂತ್‌ಪಿಕ್ ಚುಚ್ಚಿ ಹಾಗೇ ಒಣಗಲು ಇಟ್ಟಿದ್ದೆ. ಮಣ್ಣಿನೊಳಗಿನ ನೀರು ಆರಿದ ಹಾಗೆ ಮಣ್ಣು ಕುಗ್ಗುತ್ತದೆ. ಕಡ್ಡಿ ಕುಗ್ಗುವುದಿಲ್ಲ. ಅದರ ಸುತ್ತ ಮಣ್ಣು ಬಿಗಿದುಕೊಳ್ಳುತ್ತಾ ಹೋಗಿ ಕೊನೆಗೆ ಬಾಯಿ ಬಿಡುತ್ತದೆ.

ಈಗ ನಾವು ಮಣ್ಣು ಹಸಿ ಇದ್ದಾಗ ಕಡ್ಡಿ ಚುಚ್ಚಿ, ಸ್ವಲ್ಪ ತಿರುಗಿಸಿ ತೂತು ಅಗಲ ಮಾಡಿ, ಹೊರಗೆ ತೆಗೆದುಬಿಡುತ್ತೇವೆ. ಪೂರ್ತಿ ಒಣಗಿದ ಮೇಲೆ ಆ ತೂತಿಗೆ ನೀರಿಗೆ ಬಿಡದ ಅಂಟು ಹಾಕಿ ಅಲ್ಯೂಮಿನಿಯಂ ತಂತಿ ಕೂರಿಸುತ್ತೇವೆ. ಟೂತ್‌ಪಿಕ್ ಕುಂಡದ ತೇವಕ್ಕೆ ಕೊಳೆಯುತ್ತದೆ, ಕಬ್ಬಿಣದ ತಂತಿಗೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ತಂತಿಯನ್ನು ಮಕ್ಕಳೇ ಬಗ್ಗಿಸಬಹುದು. ತುದಿ ಮಾತ್ರ ಚೂಪಾಗಿ ಇರಬಾರದು, ಅದನ್ನು ನಾನು ಮಡಚಿ ಕೊಡುತ್ತೇನೆ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಅಲ್ಲಿಂದ ಈಚೆಗೆ ಇವರಿಬ್ಬರ ಜೊತೆ, ಕೆಲವು ಸಲ ಪಕ್ಕದ ಮನೆ ಮಕ್ಕಳೂ ಸೇರಿ, ಆರು ಕಿನ್ನರಿ ತೋಟ ಮಾಡಿದ್ದೇವೆ. ಅಗಲವಾದ ಒಂದು ಕುಂಡದಲ್ಲಿ ಪುಟ್ಟ ಪುಟ್ಟ ಗಿಡ ನೆಡುವುದು. ಕಿನ್ನರಿಗೆ ಬೇಕಾದ ಮನೆ, ಬಾವಿ, ಬೆಂಚು, ಮೆಟ್ಟಿಲು ಎಲ್ಲವನ್ನೂ ಮಣ್ಣಿನಲ್ಲಿ ಮಾಡಿ ಆ ಗಿಡಗಳ ನಡುವೆ ಇಡುವುದು. ಇಷ್ಟೇ ಕೆಲಸ. ಇದರಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಮಣ್ಣಿನ ಬಗ್ಗೆ. ಇನ್ನರ್ಧ ನನ್ನ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಅನ್ನುವುದರ ಬಗ್ಗೆ.

ಯಾವ ಮಣ್ಣು ಒಳ್ಳೆಯದು ಅಂತ ಜನ ನನ್ನನ್ನು ಕೇಳುತ್ತಾರೆ. ನಾನು ಬಳಸಿದ್ದು ಮೂರು ಥರ: ನೆಲದಿಂದ ಅಗೆದ ಜೇಡಿಮಣ್ಣು, ಪ್ಯಾಕೆಟ್‌ನಲ್ಲಿ ಬರುವ ಗಾಳಿಗೆ ಒಣಗುವ ಕ್ಲೇ, ಮತ್ತೆ ಪಾಲಿಮರ್ ಕ್ಲೇ. ಐದಾರು ವರ್ಷದ ಮಕ್ಕಳಿಗೆ ನೆಲದ ಜೇಡಿಮಣ್ಣೇ ಮೇಲು ಅನ್ನುವುದು ನನ್ನ ಖಚಿತವಾದ ಅಭಿಪ್ರಾಯ. ಅದನ್ನು ಎಷ್ಟು ಬೇಕಾದರೂ ಮುರಿದು ಮತ್ತೆ ಕಲಸಬಹುದು. ಪ್ಯಾಕೆಟ್ ಕ್ಲೇ ಕೊಟ್ಟಾಗ "ಜಾಸ್ತಿ ತಗೋಬೇಡ, ಸುಮ್ನೆ ಹಾಳು ಮಾಡಬೇಡ" ಅಂತ ನನ್ನ ಬಾಯಲ್ಲೇ ಬರುತ್ತಿತ್ತು. ಆ ಮಾತು ಕೇಳಿದ ಮಕ್ಕಳ ಕೈ ಆಮೇಲೆ ಹಿಂಜರಿಯುತ್ತದೆ. ಬಕೆಟ್ ತುಂಬ ಮಣ್ಣಿದ್ದರೆ ನನಗೆ ಆ ಮಾತು ಬೇಕಾಗುವುದೇ ಇಲ್ಲ.

ಮಣ್ಣು ಹದ ಮಾಡುವುದಕ್ಕೆ ಎರಡು ಮೂರು ದಿನ ಬೇಕು. ಅದೂ ಮಕ್ಕಳದೇ ಕೆಲಸ. ಅಗೆದ ಮಣ್ಣನ್ನು ಮೊದಲು ಒಣಗಿಸಿ ಪುಡಿ ಮಾಡಿ ನೀರಿಗೆ ಹಾಕುತ್ತೇವೆ. ಒಣಗಿದ ಮಣ್ಣು ಹಸಿ ಹೆಂಟೆಗಿಂತ ಬೇಗ ನೀರಲ್ಲಿ ಬಿಟ್ಟುಕೊಳ್ಳುತ್ತದೆ. ಚೆನ್ನಾಗಿ ಕಲಕಿ ಒಂದು ನಿಮಿಷ ಬಿಟ್ಟರೆ ಕಲ್ಲು, ಮರಳು ತಳಕ್ಕೆ ಹೋಗುತ್ತವೆ. ಮೇಲಿನ ಕೆಸರು ನೀರನ್ನು ಇನ್ನೊಂದು ಬಕೆಟ್‌ಗೆ ಸೋಸಿ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ಮೇಲೆ ನಿಂತ ತಿಳಿನೀರು ಚೆಲ್ಲಿ, ತಳದ ಕೆಸರನ್ನು ಹಳೇ ಬಟ್ಟೆ ಮೇಲೆ ಹರಡುತ್ತೇವೆ. ಕೈಗೆ ಅಂಟುವುದು ನಿಂತ ಮೇಲೆ ನಾದುವುದು. ಹದ ಬಂದಿದೆಯಾ ಅಂತ ನೋಡಲು ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಬೇಕು. ಬಿರುಕು ಬಿಡದೆ ಉಂಗುರ ಆದರೆ ಮಣ್ಣು ಸಿದ್ಧ. ಬಿರಿದರೆ ನೀರು ಕಡಿಮೆ, ಇಲ್ಲವೇ ಮರಳು ಜಾಸ್ತಿ. ಚಿಕ್ಕವನಿಗೆ ಈ ಪರೀಕ್ಷೆ ಎಷ್ಟು ಇಷ್ಟ ಅಂದರೆ, ಒಂದು ದಿನ ಹತ್ತು ಬೆರಳಿಗೂ ಮಣ್ಣಿನ ಉಂಗುರ ಹಾಕಿಕೊಂಡು ಕೂತಿದ್ದ.

ಪಾಲಿಮರ್ ಕ್ಲೇ ಹೆಸರಿಗೆ ಮಾತ್ರ ಮಣ್ಣು. ಅದು ಪಿವಿಸಿ ಪ್ಲಾಸ್ಟಿಕ್. ಗಾಳಿಗೆ ಒಣಗುವುದಿಲ್ಲ, ಓವನ್‌ನಲ್ಲಿ ಬೇಯಿಸಬೇಕು. ಶಾಖ ಎಷ್ಟು, ಎಷ್ಟು ಹೊತ್ತು ಅಂತ ಪ್ಯಾಕೆಟ್ ಮೇಲೆ ಇರುತ್ತದೆ, ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್. ಅದನ್ನು ಮೀರಿಸಿ ಸುಟ್ಟುಬಿಟ್ಟರೆ ಕೆಟ್ಟ ಹೊಗೆ ಬರುತ್ತದೆ, ಉಸಿರಿಗೆ ಒಳ್ಳೆಯದಲ್ಲ. ಹಾಗಾಗಿ ಬೇಯಿಸುವುದು ನಾನೇ, ಕಿಟಕಿ ತೆಗೆದಿಟ್ಟು. ಹಣತೆಯಷ್ಟು ಚಿಕ್ಕ ಬಕೆಟ್ಟು, ಉಗುರಿನಷ್ಟು ಪುಸ್ತಕ, ಇಂಥ ಸೂಕ್ಷ್ಮ ಕೆಲಸಕ್ಕೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ ಒಂಬತ್ತು ಹತ್ತು ವರ್ಷದವರಿಗೆ ಕೊಟ್ಟರೆ ಸಾಕು.

ಮಣ್ಣಿನ ಕೆಲಸ ಕೆಡುವುದು ಹೆಚ್ಚಾಗಿ ಒಣಗುವಾಗ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ತೆಳುವಾದದ್ದು ಮೊದಲು ಒಣಗಿ ಕುಗ್ಗುತ್ತದೆ, ದಪ್ಪದ್ದು ಇನ್ನೂ ಹಸಿ ಇರುತ್ತದೆ. ಎಳೆದಾಟದಲ್ಲಿ ನಡುವೆ ಬಿರುಕು. ಮನೆಯ ಗೋಡೆ ನಾವು ಅರ್ಧ ಸೆಂಟಿಮೀಟರ್ ದಪ್ಪ ಇಡುತ್ತೇವೆ. ಲಟ್ಟಣಿಗೆಯ ಎರಡೂ ಬದಿಗೆ ಒಂದೇ ದಪ್ಪದ ಎರಡು ಮರದ ಪಟ್ಟಿ ಇಟ್ಟು ಲಟ್ಟಿಸಿದರೆ ಐದು ವರ್ಷದ ಮಗುವಿಗೂ ಸಮನಾದ ಹಾಳೆ ಬರುತ್ತದೆ. ಬಿಸಿಲಿಗೆ ಇಡುವುದಿಲ್ಲ, ಫ್ಯಾನ್ ಕೆಳಗೂ ಇಡುವುದಿಲ್ಲ. ಮೊದಲ ದಿನ ಮೇಲೊಂದು ತೆಳು ಬಟ್ಟೆ ಹೊದಿಸಿ, ಆಗಾಗ ಮಗುಚಿ ಇಡುತ್ತೇವೆ. ಎರಡರಿಂದ ಮೂರು ದಿನ ಬೇಕು. ಕೆನ್ನೆಗೆ ಒತ್ತಿ ನೋಡಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಮಕ್ಕಳು ದಿನಕ್ಕೆ ಹತ್ತು ಸಲ ಕೆನ್ನೆಗೆ ಒತ್ತಿ ನೋಡುತ್ತಾರೆ.

ಎರಡು ಭಾಗ ಸೇರಿಸುವಾಗ ಸುಮ್ನೆ ಒತ್ತಿದರೆ ಒಣಗಿದ ಮೇಲೆ ಉದುರುತ್ತವೆ. ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಬೇಕು. ಅದೇ ಮಣ್ಣನ್ನು ನೀರಲ್ಲಿ ಕದಡಿ ಗಟ್ಟಿ ಬಣ್ಣದಷ್ಟು ಮಂದ ಮಾಡಿ ಸವರಬೇಕು. ಆಮೇಲೆ ಒತ್ತಿ, ಸೇರಿದ ಗೆರೆಯ ಮೇಲೆ ತೆಳು ಬತ್ತಿಯೊಂದನ್ನು ಇಟ್ಟು ತಿಕ್ಕಬೇಕು. ಒಣಗಿದ ಮೇಲೆ ಒರಟಾಗಿ ಕಂಡರೆ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಆ ಧೂಳು ಮಕ್ಕಳ ಉಸಿರಿಗೆ ಹೋಗಬಾರದು. ಒದ್ದೆ ಸ್ಪಂಜಿನಿಂದ ಒರೆಸಿದರೆ ಸಾಕು, ನುಣುಪಾಗುತ್ತದೆ.

ಇನ್ನು ನನ್ನ ಕೈಯ ವಿಷಯ.

ಎರಡನೇ ತೋಟಕ್ಕೆ ಮಗಳು ಒಂದು ಮನೆ ಮಾಡಿದ್ದಳು. ಗೋಡೆ ಒಂದು ಕಡೆ ವಾಲಿತ್ತು. ಬಾಗಿಲು ತೀರಾ ಗಿಡ್ಡ, ಆದರೆ ಅಗಲ ಮಾತ್ರ ಗೋಡೆಯ ಮುಕ್ಕಾಲು ಭಾಗ. ಅವಳು ಮಲಗಿದ ಮೇಲೆ ನಾನು ಬೆರಳು ಒದ್ದೆ ಮಾಡಿಕೊಂಡು ಗೋಡೆ ನೆಟ್ಟಗೆ ಮಾಡಿದೆ. ಬಾಗಿಲ ಎರಡು ಬದಿ ಮುಚ್ಚಿ, ಮೇಲೆ ಕೊರೆದು ಎತ್ತರಿಸಿದೆ. ಬೆಳಿಗ್ಗೆ ಅವಳಿಗೆ ಖುಷಿಯಾಗುತ್ತದೆ ಅಂತಲೇ ಅಂದುಕೊಂಡಿದ್ದೆ. ಅವಳು ನೋಡಿದಳು, ಏನೂ ಹೇಳಲಿಲ್ಲ. ತೋಟ ಜೋಡಿಸುವ ದಿನ ಆ ಮನೆಯನ್ನು ಕಪಾಟಿನ ಮೇಲೆ ಇಟ್ಟು ಬಂದಳು. "ಅದು ನಿಂದು ಅಮ್ಮಾ" ಅಂದಳು. ಬಾಗಿಲು ಯಾಕೆ ಹಾಗಿತ್ತು ಅಂತ ಆಗ ಕೇಳಿದೆ. ಕಿನ್ನರಿ ನಡೆದು ಬರುವುದಿಲ್ಲವಂತೆ. ರೆಕ್ಕೆ ಚಾಚಿಕೊಂಡು, ಅಡ್ಡಡ್ಡ ತೇಲಿಕೊಂಡೇ ಮನೆಯೊಳಗೆ ಬರುತ್ತಾಳಂತೆ. ರೆಕ್ಕೆಗೆ ಅಗಲ ಬೇಕು, ಎತ್ತರ ಯಾಕೆ? ಅವಳು ಎಲ್ಲ ಯೋಚಿಸಿಯೇ ಮಾಡಿದ್ದಳು. ಆ ದಿನ ನನಗೆ ಬಹಳ ಬೇಸರವಾಯಿತು. ಕ್ಷಮೆ ಕೇಳಿದೆ.

ಅಂದಿನಿಂದ ನಾನು ಕೂರುವಾಗ ನನಗೂ ಒಂದು ಉಂಡೆ ಮಣ್ಣು ತೆಗೆದುಕೊಳ್ಳುತ್ತೇನೆ. "ಇದು ಬರ್ತಿಲ್ಲ, ನೀನೇ ಮಾಡಿಕೊಡು" ಅಂತ ಯಾರಾದರೂ ಕೇಳಿದರೆ ನನ್ನ ಉಂಡೆಯಲ್ಲಿ ನಿಧಾನವಾಗಿ ಮಾಡಿ ತೋರಿಸುತ್ತೇನೆ. ತೋರಿಸಿದ ಕೂಡಲೇ ಅದನ್ನು ಮುದ್ದೆ ಮಾಡಿಬಿಡುತ್ತೇನೆ. ಅದು ಅಲ್ಲೇ ಎದುರಿಗಿದ್ದರೆ ಮಕ್ಕಳು ತಮ್ಮದನ್ನು ಅದರ ಪಕ್ಕ ಇಟ್ಟು ಅಳೆಯಲು ಶುರು ಮಾಡುತ್ತಾರೆ, ಅಲ್ವಾ? ಎಲ್ಲಾದರೂ ಬಿರುಕು ಬರುವ ಹಾಗೆ ಕಂಡರೆ, "ಇಲ್ಲಿ ಎಷ್ಟು ದಪ್ಪ ಇದೆ, ಬೆರಳಲ್ಲಿ ಹಿಡಿದು ನೋಡು" ಅಂತ ಮಾತ್ರ ಹೇಳುತ್ತೇನೆ. ಅವರ ಮಣ್ಣು ಮುಟ್ಟುವುದಿಲ್ಲ. ಇದು ಹೇಳಿದಷ್ಟು ಸುಲಭವಲ್ಲ. ಐದು ವರ್ಷದ ಮಗು ಒಂದು ಬೆಂಚಿಗೆ ನಾಲ್ಕು ಕಾಲು ಕೂರಿಸಲು ಅರ್ಧ ಗಂಟೆ ಒದ್ದಾಡುವಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ಆಗ ನನ್ನ ಉಂಡೆಯನ್ನೇ ಜೋರಾಗಿ ನಾದುತ್ತೇನೆ.

ಅಳತೆಯ ಗೊಂದಲಕ್ಕೂ ಒಂದು ದಾರಿ ಸಿಕ್ಕಿತು. ಗೊಂಬೆಮನೆ ಮಾಡುವವರು 1:12 ಅಂತ ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ, ಅಂದರೆ ನಿಜವಾದ ಒಂದು ಅಡಿಗೆ ಇಲ್ಲಿ ಒಂದು ಇಂಚು. ಆ ಲೆಕ್ಕದಲ್ಲಿ ಐದು ಅಡಿಯ ಮನುಷ್ಯ ಐದು ಇಂಚು ಆಗುತ್ತಾನೆ. ನಮ್ಮ ಕುಂಡಕ್ಕೆ ಅದು ತೀರಾ ದೊಡ್ಡದು. ಆದ್ದರಿಂದ ನಾವು ಮೊದಲು ಕಿನ್ನರಿಯನ್ನೇ ಮಾಡುತ್ತೇವೆ, ಮಗುವಿನ ತೋರುಬೆರಳಿನಷ್ಟು ಉದ್ದ. ಉಳಿದದ್ದನ್ನೆಲ್ಲ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡುವುದು. ಬೆಂಚಿನ ಮೇಲೆ ಕೂರಿಸಿ ನೋಡು, ಕಾಲು ನೆಲಕ್ಕೆ ತಾಗುತ್ತಾ? ಬಾವಿಯೊಳಗೆ ಬಗ್ಗಿದರೆ ಬೀಳ್ತಾಳಾ? ಸ್ಕೇಲು ಹಿಡಿಯಲು ಬಾರದ ಮಗುವಿಗೂ ಇದು ಅರ್ಥವಾಗುತ್ತದೆ. ಮೂರು ವರ್ಷದ ಒಳಗಿನ ಮಗು ಮನೆಯಲ್ಲಿದ್ದರೆ ಮಾತ್ರ ಎಚ್ಚರ. ಸುಮಾರು 3 ಸೆಂಟಿಮೀಟರ್‌ಗಿಂತ ಚಿಕ್ಕ ವಸ್ತು ಆ ವಯಸ್ಸಿನವರ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅಂಥ ಮನೆಯಲ್ಲಿ ತೋಟ ಅವರ ಕೈಗೆ ಸಿಗದ ಎತ್ತರದಲ್ಲಿ ಇರಬೇಕು.

ಬಣ್ಣಕ್ಕೆ ಅಕ್ರಿಲಿಕ್. ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲ. ಅದರ ಮೇಲೆ ಎರಡು ಸಲ ವಾರ್ನಿಶ್. ಇಷ್ಟು ಮಾಡಿದರೂ ಒಂದು ಸಲ ನಮ್ಮ ಬಾವಿ ಕೆಳಗಿನಿಂದ ಕರಗಿ ಕುಸಿಯಿತು. ಮೇಲೆಲ್ಲ ವಾರ್ನಿಶ್ ಹೊಳೆಯುತ್ತಿತ್ತು, ಬುಡಕ್ಕೆ ಹಚ್ಚುವುದನ್ನೇ ಮರೆತಿದ್ದೆವು. ಸುಡದ ಮಣ್ಣು ಕುಂಡದ ತೇವವನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಈಗ ಬುಡಕ್ಕೂ ಹಚ್ಚುತ್ತೇವೆ. ಮನೆ, ಬಾವಿಯನ್ನು ನೇರವಾಗಿ ಮಣ್ಣಿನ ಮೇಲೆ ಇಡದೆ ಚಪ್ಪಟೆ ಕಲ್ಲೊಂದರ ಮೇಲೆ ಇಡುತ್ತೇವೆ. ಮಳೆ ಬಿದ್ದರೆ ಕುಂಡ ಒಳಗೆ.

ಗಿಡಗಳ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು, ಪಾಚಿ ಮತ್ತು ಜೇಡ್ ಗಿಡ ಎರಡನ್ನೂ ಒಂದೇ ಕುಂಡದಲ್ಲಿ ಇಟ್ಟಿದ್ದು. ನೋಡಲು ಎಷ್ಟು ಚೆಂದ ಇತ್ತು! ಪಾಚಿಯ ಹುಲ್ಲುಗಾವಲು, ಮಧ್ಯೆ ದಪ್ಪ ಕಾಂಡದ ಮರ. ಪಾಚಿಗೆ ದಿನವೂ ತೇವ, ನೆರಳು ಬೇಕು. ಜೇಡ್ ಗಿಡಕ್ಕೆ ಬೆಳಕು ಬೇಕು, ಮಣ್ಣು ಒಣಗಿದ ಮೇಲೇ ನೀರು ಬೇಕು. ತಿಂಗಳಲ್ಲಿ ಜೇಡ್ ಗಿಡದ ಬುಡ ಕೊಳೆತು ಮೆತ್ತಗಾಯಿತು. ಈಗ ಒಂದು ಕುಂಡ ಪೂರ್ತಿ ನೆರಳಿನದು: ಪಾಚಿ, ಫಿಟ್ಟೋನಿಯಾ, ಚಿಕ್ಕ ಜರಿಗಿಡ. ಇನ್ನೊಂದು ಬಿಸಿಲಿನದು: ಜೇಡ್, ಸೀಡಮ್. ಹಾಲು ಸುರಿಸುವ ಕಳ್ಳಿ ಜಾತಿಯ ಗಿಡ ಮಾತ್ರ ಬೇಡವೇ ಬೇಡ. ಆ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ.

ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿನ ಮೇಲೆ ಒಂದು ಚೂರು ಬಲೆ ಸಾಕು. ತಳಕ್ಕೆ ಕಲ್ಲಿನ ಪದರ ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ನಾನೂ ನಂಬಿದ್ದೆ. ನಿಜವಾಗಿ ನೀರು ಕಲ್ಲಿನ ಮೇಲಿನ ಮಣ್ಣಿನಲ್ಲೇ ನಿಂತು, ಬೇರು ಇರುವ ಜಾಗವೇ ಒದ್ದೆಯಾಗಿ ಉಳಿಯುತ್ತದೆ. ಮಣ್ಣನ್ನು ಹಿಂದೆ ಎತ್ತರ, ಮುಂದೆ ತಗ್ಗು ಮಾಡಿ ತುಂಬಿದರೆ ಗುಡ್ಡದ ಹಾಗೆ ಕಾಣುತ್ತದೆ. ಮೆಟ್ಟಿಲು, ದಾರಿ ಎಲ್ಲ ತಾನಾಗಿ ಹುಟ್ಟಿಕೊಳ್ಳುತ್ತವೆ. ಕೊಳಕ್ಕೆ ಒಂದು ಬಾಟಲಿ ಮುಚ್ಚಳ, ಅದರ ನೀರು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸುತ್ತೇವೆ. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ ಸಾಕು, ಮುಚ್ಚಳದ ನೀರೂ ಸಾಕು. ಗೊಬ್ಬರ ಹಾಕುವುದಿಲ್ಲ, ಗಿಡ ಚಿಕ್ಕದಾಗಿಯೇ ಇರಲಿ ಅಂತ. ಬೆಳೆದರೆ ಮಕ್ಕಳು ಕತ್ತರಿ ತಂದು ಕ್ಷೌರ ಮಾಡುತ್ತಾರೆ.

ಚಿಕ್ಕವನು ಕಳೆದ ವರ್ಷ ಒಂದು ಮನೆಗೆ ಬಣ್ಣವನ್ನೂ ಹಚ್ಚಲಿಲ್ಲ, ವಾರ್ನಿಶ್ಶನ್ನೂ ಹಚ್ಚಲಿಲ್ಲ. "ಮಳೆಗೆ ಕರಗುತ್ತೆ ಕಣೋ" ಅಂದೆ. "ಗೊತ್ತು ದೊಡ್ಡಮ್ಮಾ" ಅಂದ. ಕುಂಡವನ್ನು ಒಳಗೆ ತರಲೂ ಬಿಡಲಿಲ್ಲ. ಮಳೆ ಬಂತು. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ನೋಡಿದ. ಮೊದಲು ಚಾವಣಿಯ ಅಂಚು ಮೆತ್ತಗಾಯಿತು. ಆಮೇಲೆ ಒಂದು ಮೂಲೆ ಕುಸಿಯಿತು. ಸಂಜೆ ಹೊತ್ತಿಗೆ ಮನೆ ಇದ್ದ ಜಾಗದಲ್ಲಿ ಕಲ್ಲಿನ ಮೇಲೆ ಒಂದು ಗುಡ್ಡೆ ಕೆಸರು. ಕಿನ್ನರಿಯನ್ನು ಮಾತ್ರ ಮೊದಲೇ ತೆಗೆದು ಜೇಬಿನಲ್ಲಿ ಇಟ್ಟುಕೊಂಡಿದ್ದ.

ಸುಡದ ಮಣ್ಣು ಎಷ್ಟು ಸಲ ಬೇಕಾದರೂ ಮತ್ತೆ ಮಣ್ಣೇ. ಆ ಕೆಸರನ್ನು ಅವನು ಚಮಚದಲ್ಲಿ ಕೆರೆದು ಒಣಗಿಸಿ, ಡಬ್ಬಿಯಲ್ಲಿ ಹಾಕಿ, ಮೇಲೆ "ಹಳೇ ಮನೆ" ಅಂತ ಬರೆದು ಇಟ್ಟಿದ್ದ. ಅವನಿಗೀಗ ಒಂಬತ್ತು ವರ್ಷ. ನಿನ್ನೆ ಆ ಡಬ್ಬಿ ತಂದು ನೀರು ಹಾಕಿ ನೆನೆಸಿದ್ದಾನೆ. ಈ ಸಲ ಮನೆ ಅಲ್ಲವಂತೆ, ಸೇತುವೆಯಂತೆ. ನಾಳೆ ಸೋಸಬೇಕು. ಬಟ್ಟೆ ಒಗೆದು ಒಣಗಿಸಿ ಇಟ್ಟಿದ್ದೇನೆ.